ತೂಕ ಕೂಗಿದ ನರ್ಸಮ್ಮ

ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಶಾಲೆಯ ನರ್ಸಮ್ಮ ಹತ್ತಿಯನ್ನು ಸಣ್ಣ ಸಣ್ಣ ಉಂಡೆ ಮಾಡಿ ಡಬ್ಬಿಗೆ ತುಂಬುತ್ತಿದ್ದರು. ಆಗ ಆಯಾ ಏಳನೆಯ ತರಗತಿಯ ಹುಡುಗಿಯೊಬ್ಬಳನ್ನು ತೋಳು ಹಿಡಿದು ಕರೆತಂದಳು.

"ಕಣ್ಣು ಕತ್ತಲೆ ಬಂತಂತೆ ನರ್ಸಮ್ಮ. ಮೆಟ್ಟಿಲ ಮೇಲೆ ಕೂತ್ಬಿಟ್ಟಿದ್ಲು ಪಾಪ."

ನರ್ಸಮ್ಮ ಅವಳನ್ನು ಮಂಚದ ಮೇಲೆ ಮಲಗಿಸಿ, ಕಾಲ ಕೆಳಗೆ ದಿಂಬಿಟ್ಟು, ನಾಡಿ ನೋಡಿದರು. ಜ್ವರವಿರಲಿಲ್ಲ.

"ಬೆಳಗ್ಗೆ ಏನ್ ತಿಂದೆ ಪುಟ್ಟಿ?"

"ಹಸಿವಿರ್ಲಿಲ್ಲ."

"ನಿನ್ನೆ ರಾತ್ರಿ?"

ಹುಡುಗಿ ಗೋಡೆಯ ಕಡೆ ಹೊರಳಿದಳು.

ಸಕ್ಕರೆ ನೀರು ಕಲಕುತ್ತಿರುವಾಗ ಕಿಟಕಿಯಾಚೆಯಿಂದ ಹುಡುಗರ ಕೂಗು ಬಂತು. ಕೂಗಿದ್ದು ಬರೀ ಒಂದು ಸಂಖ್ಯೆ. ಅದರ ಬೆನ್ನಿಗೇ ನಗು. ಮಂಚದ ಮೇಲೆ ಹುಡುಗಿ ಮುದುಡಿಕೊಂಡಳು. ನರ್ಸಮ್ಮನ ಕೈ ಲೋಟದಲ್ಲೇ ನಿಂತಿತು. ಆ ರಾಗ, ಕೊನೆಯಲ್ಲಿ ಎಳೆಯುವ ಆ ಧಾಟಿ, ತಮ್ಮದೇ.

ವರ್ಷಕ್ಕೆರಡು ಸಲ ಮಕ್ಕಳ ಆರೋಗ್ಯ ತಪಾಸಣೆ. ತೂಕದ ಯಂತ್ರ ಸಭಾಂಗಣದ ಈ ತುದಿಯಲ್ಲಿ, ಬರೆದುಕೊಳ್ಳುವ ಗುಮಾಸ್ತರ ಮೇಜು ಆ ತುದಿಯಲ್ಲಿ, ಫ್ಯಾನಿನ ಕೆಳಗೆ. ನಡುವೆ ಇಡೀ ತರಗತಿ ಸಾಲಾಗಿ ನಿಂತಿರುತ್ತಿತ್ತು. ನರ್ಸಮ್ಮ ಮುಳ್ಳು ನೋಡಿ ಕೂಗುತ್ತಿದ್ದರು, ಗುಮಾಸ್ತರು ಬರೆಯುತ್ತಿದ್ದರು. ಕೆಲಸ ಸರಸರನೆ ಮುಗಿಯುತ್ತಿತ್ತು. ತಮ್ಮ ಗಂಟಲಿನ ಬಗ್ಗೆ ಅವರಿಗೆ ಒಂದಿಷ್ಟು ಜಂಬವೂ ಇತ್ತು. "ನಿನ್ನ ಪಿಸುಮಾತಿಗೆ ಪಕ್ಕದ ಮನೆಯವರು ಹೂಂಗುಡ್ತಾರೆ ಕಣೇ" ಎಂದು ಗಂಡ ಛೇಡಿಸುತ್ತಿದ್ದರು.

ಕಳೆದ ತಪಾಸಣೆಯಲ್ಲಿ ಈ ಹುಡುಗಿಯ ತೂಕ ಗುಮಾಸ್ತರಿಗೆ ಕೇಳಿಸಿರಲಿಲ್ಲ. ನರ್ಸಮ್ಮ ಒಂದೊಂದು ಅಕ್ಷರವನ್ನೂ ಬಿಡಿಸಿ, ಇನ್ನಷ್ಟು ಗಟ್ಟಿಯಾಗಿ ಮತ್ತೊಮ್ಮೆ ಕೂಗಿದ್ದರು. ಸಾಲು ಗೊಳ್ಳೆಂದಿತ್ತು. ಮಕ್ಕಳು ಗುಮಾಸ್ತರ ಕಿವುಡಿಗೆ ನಕ್ಕರೆಂದುಕೊಂಡು ನರ್ಸಮ್ಮನೂ ನಕ್ಕಿದ್ದರು.

ಈಗ ಅವರು ಲೋಟ ಇಟ್ಟು ಹೊರಗೆ ಹೋದರು.

"ಯಾಕ್ರೋ, ಮಾಡೋಕೆ ಬೇರೆ ಕೆಲಸ ಇಲ್ವಾ?"

"ನಾವೇನ್ ಸುಳ್ಳು ಹೇಳಿದ್ವಾ? ನೀವೇ ಹೇಳಿದ್ದಲ್ವಾ ನರ್ಸಮ್ಮ, ಅದೂ ಎರಡು ಸಲ!"

ನರ್ಸಮ್ಮ ತಿರುಗಿ ಒಳಗೆ ಬಂದರೆ ಹುಡುಗಿ ಎದ್ದು ಕೂತಿದ್ದಳು.

"ಬೈದ್ರಾ? ನಾಳೆ ಇನ್ನೂ ಜಾಸ್ತಿ ಕೂಗ್ತಾರೆ."

"ತಪ್ಪು ನಂದು ಪುಟ್ಟಿ. ನೀನ್ಯಾಕೆ ಊಟ ಬಿಡ್ತೀಯಾ?"

"ಊಟ ಬಿಟ್ರೆ ಮುಳ್ಳು ಕೆಳಗೆ ಬರುತ್ತಲ್ವಾ? ಆಗ ನೀವು ಇನ್ನೊಂದ್ಸಲ ಕೂಗ್ಬೇಕು. ಎಲ್ಲರಿಗೂ ಕೇಳೋ ಹಾಗೆ."

ನರ್ಸಮ್ಮ ಅವಳ ಪಕ್ಕದಲ್ಲೇ ಕೂತು, ಸಕ್ಕರೆ ನೀರಿನ ಲೋಟವನ್ನು ಅವಳ ಕೈಗಿತ್ತರು. ಈ ಮಗು ಹಸಿದುಕೊಂಡು ಕಾಯುತ್ತಿದ್ದುದು ತಮ್ಮ ಗಂಟಲಿಗಾಗಿ.

ಅಂದೇ ಹುಡುಗಿಯ ತಾಯಿಯನ್ನು ಕರೆಸಿ ಎಲ್ಲವನ್ನೂ ಹೇಳಿದರು. ಮರುದಿನ ಮುಖ್ಯೋಪಾಧ್ಯಾಯಿನಿಯ ಜೊತೆ ಆ ತರಗತಿಗೆ ಹೋದರು. "ಒಬ್ಬರ ತೂಕ ಊರಿಗೆಲ್ಲ ಸಾರೋ ವಿಷಯ ಅಲ್ಲ. ನಾನು ಕೂಗಿದ್ದು ತಪ್ಪು. ಅದನ್ನೇ ಹಿಡ್ಕೊಂಡು ನೀವು ಅವಳನ್ನ ಗೋಳಾಡಿಸಿದ್ದೂ ತಪ್ಪು" ಎಂದರು. ಧ್ವನಿ ಎಷ್ಟು ಇಳಿದಿತ್ತೆಂದರೆ, "ಕೇಳಿಸ್ತಿಲ್ಲ ನರ್ಸಮ್ಮ" ಎಂದು ಹಿಂದಿನ ಬೆಂಚಿನಿಂದ ಯಾರೋ ಹೇಳಿದರು. ಯಾರೂ ನಗಲಿಲ್ಲ. ಅವರು ಅದನ್ನೇ ಇನ್ನೊಮ್ಮೆ ಹೇಳಿದರು.

ತೂಕದ ಯಂತ್ರ ಅವರ ಕೋಣೆಗೆ, ಪರದೆಯ ಹಿಂದಕ್ಕೆ ಬಂತು. ಇನ್ನು ಮುಂದೆ ಬರೆದುಕೊಳ್ಳುವವರೂ ಅವರೇ. ಗುಮಾಸ್ತರು "ಮೂರು ದಿನ ಹಿಡಿಯುತ್ತಲ್ರೀ!" ಎಂದು ಗೊಣಗಿದರು. "ಹಿಡೀಲಿ ಬಿಡಿ" ಎಂದರು ನರ್ಸಮ್ಮ.

ಹುಡುಗಿ ಮಧ್ಯಾಹ್ನದ ಊಟಕ್ಕೆ ಅವರ ಕೋಣೆಗೇ ಬರತೊಡಗಿದಳು. ಮೊದಮೊದಲು ಎರಡು ತುತ್ತು, ಆಮೇಲೆ ಅರ್ಧ ಡಬ್ಬಿ. ತರಗತಿಯಲ್ಲಿ ಕೂಗು ನಿಂತಿತ್ತು. ಡಬ್ಬಿ ಪೂರ್ತಿ ಖಾಲಿಯಾದ ದಿನ ನರ್ಸಮ್ಮ ಹೊಟ್ಟೆಗೆ ಹಾಲು ಹೊಯ್ದಂತಾಗಿ ಅವಳನ್ನು ಮೊಗಸಾಲೆಯವರೆಗೂ ಕಳಿಸಲು ಬಂದರು.

ಎದುರಿನಿಂದ ಒಂದನೆಯ ತರಗತಿಯ ಪುಟಾಣಿ ಹುಡುಗಿಯೊಬ್ಬಳು ಓಡಿ ಬಂದು ಅವಳ ಕೈಗೆ ಜೋತುಬಿದ್ದಳು. ಆ ಮಗುವಿನ ಮುಖದಲ್ಲಿ ಕುಹಕವಿರಲಿಲ್ಲ, ಬರೀ ಅಕ್ಕರೆ. ದೊಡ್ಡ ತರಗತಿಯವರೆಲ್ಲ ಕರೆಯುವುದನ್ನು ಕೇಳಿ ಅವಳ ಹೆಸರೇ ಅದೆಂದು ತಿಳಿದುಕೊಂಡಿತ್ತು.

"ಅಕ್ಕಾ, ಅರವತ್ತೊಂದೂವರೆ!"