ಇಪ್ಪತ್ತೇಳು ಅಚ್ಚು ಬೆಲ್ಲ

ನಾನು ಚಿಕ್ಕವಳಿದ್ದಾಗ ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ, ಅಷ್ಟೇ. ವಿಜಯನಗರದಲ್ಲಿ ಆಗ ಮನೆಗಳಷ್ಟೇ ಖಾಲಿ ಸೈಟುಗಳೂ ಇದ್ದವು. ಆ ಒಂದೇ ಕೋಣೆಯಲ್ಲಿ ಬಾಗಿಲ ಹತ್ತಿರ ಅಮ್ಮ ಮಣೆ ಇಟ್ಟುಕೊಂಡು ಅಗರಬತ್ತಿ ಹೊಸೆಯುತ್ತಿದ್ದಳು. ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಒಂದು ಮೂಲೆಯಲ್ಲಿ ಮಲಗುತ್ತಿದ್ದ. ಇನ್ನೊಂದು ಮೂಲೆಯಲ್ಲಿ ಅಕ್ಕ ಗೋಡೆಗೆ ಕರಿಹಲಗೆ ಒರಗಿಸಿ ಟ್ಯೂಷನ್ ಹೇಳುತ್ತಿದ್ದಳು. ನೆಲದ ಮೇಲೆ ಬತ್ತಿಯ ಕಪ್ಪು ಹಿಟ್ಟೂ ಸೀಮೆಸುಣ್ಣದ ಬಿಳಿ ಪುಡಿಯೂ ಬೀಳುತ್ತಿದ್ದವು. ಎರಡನ್ನೂ ಗುಡಿಸುವವಳು ನಾನು.

ಅಕ್ಕ ಪಿಯುಸಿ ಮುಗಿಸಿದ್ದಳು. ಟೀಚರ್ ಟ್ರೈನಿಂಗಿಗೆ ಹೋಗಬೇಕು ಅನ್ನುವುದು ಅವಳ ಹಟ. ಅವಳು ಹೊರಟುಹೋದರೆ ಅಡುಗೆ ಯಾರು ಮಾಡುತ್ತಾರೆ ಅನ್ನುವುದು ಅಪ್ಪನ ಚಿಂತೆ. ದಿನಾ ಇದೇ ಜಗಳ. ಕೊನೆಗೆ ಒಂದು ಶನಿವಾರ ಅಪ್ಪನೇ ಒಂದು ಮಾತು ಹೇಳಿದ: "ನಾಳೆ ನಾನೇ ಕೂತು ನೋಡ್ತೀನಿ. ಎರಡು ಮಕ್ಕಳಿಗೆ ಲೆಕ್ಕ ತಲೆಗೆ ಹತ್ಸಕ್ಕಾದ್ರೆ ಹೋಗು. ಆಗ್ದಿದ್ರೆ ಅಲ್ಲಿಗೆ ಹೋಗಿ ಐವತ್ತು ಮಕ್ಕಳಿಗೆ ಏನು ಹೇಳ್ತೀಯಾ? ಸುಮ್ನೆ ಮನೇಲಿರು."

ಆ ಎರಡು ಮಕ್ಕಳು ಯಾರು ಅಂತೀರಿ? ಒಬ್ಬ ಮೂಲೆ ಅಂಗಡಿಯವರ ಮಗ. ಇನ್ನೊಬ್ಬಳು ಅತ್ತಿಗುಪ್ಪೆಯಿಂದ ಹಾಲು ತರುವವರ ಮಗಳು. ಇಬ್ಬರೂ ಹೈಸ್ಕೂಲು. ಅವರಿಗಿಂತ ಹಾಲಿನವರ ಮನೆಯ ಎಮ್ಮೆಗೆ ಹೇಳಿಕೊಡುವುದು ಸುಲಭ ಅಂತ ನನಗೆ ಆಗಲೇ ಅನ್ನಿಸಿತ್ತು.

ಭಾನುವಾರ ಬೆಳಗ್ಗೆ ಇಬ್ಬರೂ ಬಂದರು. ಅವರೆಕಾಯಿ ಕಾಲ. ನಾನು ನೆನೆಸಿದ ಅವರೆಕಾಳು ಹಿಸುಕುತ್ತಾ ಕೂತಿದ್ದೆ, ಕೈಯೆಲ್ಲಾ ಲೋಳೆ, ಮೂಗಿನ ತುಂಬ ಸೊಗಡು. ಅಪ್ಪ ನಿದ್ದೆಗೆಟ್ಟ ಕಣ್ಣಿನಲ್ಲೇ ಲೆಕ್ಕದ ಪುಸ್ತಕ ಇಸಿದುಕೊಂಡು ಕೊನೆಯ ಪುಟ ತೆರೆದ. ಅಲ್ಲಿ ಉತ್ತರಗಳಿದ್ದವು. "ನಂಗೆ ಲೆಕ್ಕ ಗೊತ್ತಿಲ್ಲ. ಉತ್ತರ ಓದಕ್ಕೆ ಬರುತ್ತೆ" ಅಂದ.

ಅವತ್ತಿನ ಪಾಠ ಘಾತಾಂಕ. ದೊಡ್ಡ ಅಂಕಿಯ ತಲೆಯ ಬಲಗಡೆ ಒಂದು ಪುಟ್ಟ ಅಂಕಿ ಹತ್ತಿ ಕೂತಿರುತ್ತದಲ್ಲ, ಅದು. ಪುಟ್ಟ ಅಂಕಿ ಎರಡೋ ಮೂರೋ ಆಗಿದ್ದರೆ ಇವರು ಹೇಗೋ ಮಾಡುತ್ತಿದ್ದರು. ಅದರ ಜಾಗದಲ್ಲಿ ಭಿನ್ನರಾಶಿ ಬಂದು ಕೂತರೆ ಮುಗಿಯಿತು.

ಅಕ್ಕ ಒಂಬತ್ತು ಬರೆದು ಅದರ ತಲೆಯ ಮೇಲೆ ಅರ್ಧ ಬರೆದಳು.

"ನಾಲ್ಕೂವರೆ" ಅಂದ ಅಂಗಡಿ ಹುಡುಗ.

"ಇಲ್ಲಿ ಮೂರು ಅಂತಿದೆ" ಅಂದ ಅಪ್ಪ.

ಇಪ್ಪತ್ತೇಳು ಬರೆದು ಮೇಲೆ ಮೂರನೇ ಎರಡು ಬರೆದಳು.

"ಹದಿನೆಂಟು" ಅಂದಳು ಹಾಲಿನ ಹುಡುಗಿ.

"ಒಂಬತ್ತು ಅಂತಿದೆ" ಅಂದ ಅಪ್ಪ, ಬೆರಳನ್ನು ಪುಟದಿಂದ ಎತ್ತಲೇ ಇಲ್ಲ.

ಅಕ್ಕ ಮತ್ತೆ ಹೇಳಿದಳು. ಅದು ಭಾಗ ಮಾಡುವುದಲ್ಲ, ಕೆಳಗಿರುವ ಮೂರು ಅಂದರೆ ಇಪ್ಪತ್ತೇಳನ್ನು ಒಂದೇ ಸಮನಾದ ಮೂರು ಅಂಕಿಗಳ ಗುಣಾಕಾರವಾಗಿ ಒಡೆಯಬೇಕು, ಮೇಲಿರುವ ಎರಡು ಅಂದರೆ ಅವುಗಳಲ್ಲಿ ಎರಡನ್ನು ಗುಣಿಸಬೇಕು ಅಂತ. ಇಬ್ಬರೂ ತಲೆ ಆಡಿಸಿದರು. ಮುಂದಿನ ಲೆಕ್ಕ ಕೊಟ್ಟರೆ ಮತ್ತೆ ಅರ್ಧ, ಮತ್ತೆ ಮುಕ್ಕಾಲು, ಕಡ್ಲೆಬೇಳೆ ತೂಗಿದ ಹಾಗೆ. ಕೇಳಿ ಕೇಳಿ ನನಗೇ ಬಾಯಿಪಾಠ ಬಂತು, ಅವರಿಗೆ ಬರಲಿಲ್ಲ. ಎದ್ದು ಹೋಗಿ ಆ ಲೋಳೆ ಕೈಯಲ್ಲೇ ಇಬ್ಬರ ತಲೆಗೂ ಮೊಟಕೋಣ ಅನ್ನಿಸಿತು. ಅಕ್ಕನೇ ಮೊಟಕಿದಳು. "ಲೋ, ತಲೇಲಿ ತೌಡು ತುಂಬ್ಕೊಂಡಿದೀಯೇನೋ?"

ಹುಡುಗನಿಗೆ ರೋಷ ಬಂತು. "ನಿನ್ನೆ ನಾಲ್ಕರ ಮೇಲೆ ಅರ್ಧ ಬರೆದ್ರಿ. ಎರಡು ಅಂದೆ. ಶಭಾಷ್ ಅಂದ್ರಿ. ನಾಲ್ಕರಲ್ಲಿ ಅರ್ಧ ಎರಡೇ ತಾನೆ? ಇವತ್ತು ಒಂಬತ್ತರಲ್ಲಿ ಅರ್ಧ ನಾಲ್ಕೂವರೆ ಅಂದ್ರೆ ಯಾಕಕ್ಕಾ ಹೊಡೀತೀರಾ?"

ಅಕ್ಕ ಹಲಗೆಯ ಮೂಲೆಯಲ್ಲಿ ಮತ್ತೆ ನಾಲ್ಕು, ಅದರ ಮೇಲೆ ಅರ್ಧ ಬರೆದು ನೋಡಿದಳು. ಎರಡನ್ನು ಎರಡರಿಂದ ಗುಣಿಸಿದರೂ ನಾಲ್ಕು, ಎರಡಕ್ಕೆ ಎರಡು ಕೂಡಿಸಿದರೂ ನಾಲ್ಕು. ಬೇರೆ ಯಾವ ಅಂಕಿ ಕೊಟ್ಟಿದ್ದರೂ ಅವರ ತಪ್ಪು ಅವತ್ತೇ ಸಿಕ್ಕಿಬೀಳುತ್ತಿತ್ತು. ಇವಳು ಹುಡುಕಿ ಹುಡುಕಿ ನಾಲ್ಕನ್ನೇ ಕೊಟ್ಟು, ಮೇಲೆ ಶಭಾಷ್ ಬೇರೆ ಹೇಳಿದ್ದಳು.

"ಆಯ್ತಾ?" ಅಂತ ಅಪ್ಪ ಪುಸ್ತಕ ಮುಚ್ಚಲು ಹೋದ.

"ಇಲ್ಲ, ಕೂತ್ಕೊಳಪ್ಪ" ಅಂದಳು ಅಕ್ಕ. ಅಪ್ಪನಿಗೆ ಹಾಗೆ ಹೇಳಿದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಅಮ್ಮನ ಕೈ ಮಣೆಯ ಮೇಲೆ ನಿಂತಿತು. ಅಕ್ಕ ಹುಡುಗನ ಕಡೆ ತಿರುಗಿ, "ನಿಮ್ಮ ಅಂಗಡೀಲಿ ಅಚ್ಚು ಬೆಲ್ಲ ಇದ್ಯೇನೋ?" ಅಂದಳು.

"ಇದೆ. ನಮ್ಮಪ್ಪ ಬೈತಾರೆ."

"ವಾಪಸ್ ಕೊಡ್ತೀನಿ ಕಣೋ. ಇಪ್ಪತ್ತೇಳು ತಗೊಂಬಾ, ಓಡು."

ಹುಡುಗ ಪೇಪರಿನಲ್ಲಿ ಕಟ್ಟಿಕೊಂಡು ಬಂದ. ಚೌಕ ಚೌಕದ ಸಣ್ಣ ಅಚ್ಚುಗಳು, ಕಂದು ಬಣ್ಣ, ಅಂಟು ಅಂಟು. ಅಗರಬತ್ತಿಯ ಘಾಟಿನ ನಡುವೆ ಕಬ್ಬಿನ ವಾಸನೆ ಹರಡಿತು. ಅಕ್ಕ ಏನೂ ವಿವರಿಸಲಿಲ್ಲ. "ಉದ್ದ, ಅಗಲ, ಎತ್ತರ ಮೂರೂ ಒಂದೇ ಇರೋ ಹಂಗೆ ಪೇರಿಸಿ" ಅಂದಳು. ಇಬ್ಬರೂ ಬಡಿದಾಡಿಕೊಂಡು ಎರಡು ಸಲ ಬೀಳಿಸಿದರು. ಮೂರು ಸಾಲು, ಸಾಲಿಗೆ ಮೂರು, ಮೂರು ಅಂತಸ್ತು. ಕೊನೆಗೆ ಬೆಲ್ಲದ ಪುಟ್ಟ ಮನೆ ನಿಂತಿತು.

"ಒಂದು ಅಂಚಲ್ಲಿ ಎಷ್ಟಿದೆ?"

"ಮೂರು."

"ಅದೇ ಇಪ್ಪತ್ತೇಳರ ಮೇಲೆ ಮೂರನೇ ಒಂದು. ಈಗ ಒಂದು ಗೋಡೆ ಪೂರ್ತಿ ಎಣ್ಸು."

ಹುಡುಗಿ ಬೆರಳಿಟ್ಟು ಎಣಿಸಿದಳು. "ಒಂಬತ್ತು."

"ಅದು ಮೂರನೇ ಎರಡು."

ಅಪ್ಪ ಪುಟ ನೋಡಿದ, ಬೆಲ್ಲ ನೋಡಿದ. ಬೆಲ್ಲ ನೋಡಿ ಹೇಳುವುದು ಯಾರಿಗಾದರೂ ಬರುತ್ತದೆ ಅಂದುಕೊಂಡನೋ ಏನೋ, ಪುಸ್ತಕದಿಂದ ತಾನೇ ಒಂದು ಲೆಕ್ಕ ಆರಿಸಿದ. ಅರವತ್ತನಾಲ್ಕು, ಅದರ ಮೇಲೆ ಮೂರನೇ ಎರಡು. ಅಷ್ಟು ಬೆಲ್ಲ ಇರಲಿಲ್ಲ. ಅಕ್ಕ ಬಾಯಿ ತೆರೆಯಲು ಹೋದರೆ, "ನೀನು ಸುಮ್ನಿರು" ಅಂದ.

ಹುಡುಗ ಮೇಲೆ ತೊಲೆ ನೋಡಿದ. ಹುಡುಗಿ ಕಣ್ಣು ಮುಚ್ಚಿ ಗಾಳಿಯಲ್ಲಿ ಕೈ ಆಡಿಸುತ್ತಾ ಗೊಣಗಿದಳು. "ಮೂರಲ್ಲ... ಅಂಚಿಗೆ ನಾಲ್ಕು. ನಾಲ್ಕ್ ನಾಲ್ಕ್ಲ ಹದಿನಾರು, ಹದಿನಾರ್ ನಾಲ್ಕ್ಲ ಅರವತ್ನಾಲ್ಕು. ಗೋಡೆಗೆ... ಹದಿನಾರು!"

ಅಪ್ಪ ತುಂಬ ಹೊತ್ತು ಪುಟ ನೋಡಿದ. ಒಂದು ಅಂಕಿ ಓದಲು ಅಷ್ಟು ಹೊತ್ತು ಯಾಕೆ ಬೇಕಿತ್ತೋ. ಆಮೇಲೆ ಪುಸ್ತಕ ಮುಚ್ಚಿ, "ಹೋಗು" ಅಂದ. ಅಷ್ಟೇ. ಅಕ್ಕ ಬೆಲ್ಲವನ್ನು ಮತ್ತೆ ಪೇಪರಿನಲ್ಲಿ ಕಟ್ಟತೊಡಗಿದಳು.

ಅಮ್ಮ ಮಾತ್ರ ನನ್ನ ಕಡೆ ತಿರುಗಿದಳು. "ನಾಳೆಯಿಂದ ಒಲೆ ಮುಂದೆ ನೀನು ಕಣೇ" ಅಂದಳು.

ಅಕ್ಕ ಟೀಚರಾದಳು, ರಿಟೈರೂ ಆದಳು. ನಾನು ಆ ವರ್ಷವೇ ಶಾಲೆ ಬಿಟ್ಟೆ. ಅಕ್ಕನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮಂಥ ಮನೆಗಳಲ್ಲಿ ಆಗ ಒಂದು ಹೆಣ್ಣು ಓದಬೇಕಾದರೆ ಇನ್ನೊಬ್ಬಳು ಅನ್ನ ಬೇಯಿಸಬೇಕಿತ್ತು. ಈಗ ನೋಡಿ ಮೊಮ್ಮಕ್ಕಳೇ, ನಿಮ್ಮ ಮನೆಯಲ್ಲಿ ನಿಮ್ಮಿಬ್ಬರಿಗೂ ಬೇರೆ ಬೇರೆ ಕೋಣೆ, ಬೇರೆ ಬೇರೆ ಮೇಜು, ಫೋನಿನೊಳಗೇ ಮೇಷ್ಟ್ರು. ಒಲೆ ಮುಂದೆ ಹೋಗು ಅಂತ ನಿಮ್ಮಿಬ್ಬರಲ್ಲಿ ಯಾರಿಗೂ ಯಾರೂ ಹೇಳಿಲ್ಲ. ಆದರೂ ಲೆಕ್ಕ ಬೋರು ಅಂತೀರಿ. ಬೋರಂತೆ ಬೋರು! ಎರಡು ಮೇಜೂ ಖಾಲಿ ಬಿದ್ದಿವೆ. ಏಳಿ, ಹೋಗಿ ಕೂತುಕೊಳ್ಳಿ. ಅಡುಗೆ ನಾನು ನೋಡಿಕೊಳ್ಳುತ್ತೇನೆ.