ಚೈತ್ರದಲ್ಲಿ ನೇಯ್ದ ಸೀರೆಗಳು

ಆಕೆಯ ಎಡಗೈ ಹೆಬ್ಬೆರಳಿನ ಉಗುರಿನಲ್ಲಿ ನೂಲೆಳೆಯಷ್ಟೇ ಸಣ್ಣದಾದ ಒಂದು ಗೀರಿತ್ತು. ಉಗುರು ಬೆಳೆದಂತೆ ಮುಂದೆ ಸರಿದು ಮಾಯವಾಗುವ ಗೀರಲ್ಲ ಅದು. ಐವತ್ತು ವರ್ಷ ಅದೇ ಜಾಗದಲ್ಲಿ ಎಳೆಯನ್ನು ಎಳೆದೆಳೆದು ನೋಡಿದ್ದರಿಂದ ದಿನವೂ ಹೊಸದಾಗಿ ಕೊರೆಯುತ್ತಿದ್ದ ಗೀರು. ಬೆಳಗಿನ ಜಾವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂಡುವ ಮೊದಲು ಆಕೆ ಒಂದು ಎಳೆಯನ್ನು ಆ ಗೀರಿಗೆ ಸಿಕ್ಕಿಸಿ, ತೋರುಬೆರಳಿನಿಂದ ಮೀಟಿ, ತಲೆಯನ್ನು ಓರೆ ಮಾಡಿ ಆಲಿಸುತ್ತಿದ್ದಳು. ವೀಣೆಯ ಶ್ರುತಿ ನೋಡುವವರ ಮುಖದಲ್ಲಿ ನಾನು ಕಂಡಿದ್ದ ಏಕಾಗ್ರತೆಯೇ ಆಗ ಆಕೆಯ ಮುಖದಲ್ಲಿಯೂ ಇರುತ್ತಿತ್ತು.

ನರಗುಂದ ಮತ್ತು ರೋಣದ ಶಾಲೆಗಳಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದ ಮೇಲೆ ನಾನು ಗಜೇಂದ್ರಗಡದಲ್ಲಿ ಮನೆ ಮಾಡಿದೆ. ನನ್ನ ದೇವರಮನೆಗೂ ಆಕೆಯ ಮಗ್ಗದ ಮನೆಗೂ ನಡುವೆ ಇದ್ದುದು ಒಂದೇ ಮಣ್ಣಿನ ಗೋಡೆ. ಓಣಿಯವರೆಲ್ಲ ಆಕೆಯನ್ನು ಮಗ್ಗದವ್ವ ಎನ್ನುತ್ತಿದ್ದರು. ಮಗ ಟೆಂಪೋ ಓಡಿಸುತ್ತಿದ್ದ; ಮನೆಯಲ್ಲಿ ಹಗಲೆಲ್ಲ ಅತ್ತೆ ಸೊಸೆ ಇಬ್ಬರೇ. ಆಕೆ ನನಗಿಂತ ಆರೇಳು ವರ್ಷ ಹಿರಿಯಳು. ಆದರೂ ಆಕೆ ನನ್ನನ್ನು ಬಹುವಚನದಲ್ಲಿ ಕರೆದಳು, ನಾನು ಆಕೆಯನ್ನು ಏಕವಚನದಲ್ಲಿ ಕರೆದೆ. ಇದನ್ನು ಬರೆಯಲು ಕುಳಿತಾಗ ಎಲ್ಲವನ್ನೂ ಬಹುವಚನಕ್ಕೆ ತಿದ್ದೋಣವೆನ್ನಿಸಿತು. ಈಗ ತಿದ್ದಿದರೆ ಆಗ ನಾನು ಹೇಗಿದ್ದೆನೆಂಬುದು ಮುಚ್ಚಿಹೋಗುತ್ತದೆಂದು ಹಾಗೆಯೇ ಬಿಟ್ಟಿದ್ದೇನೆ.

ಆಕೆ ನೇಯುತ್ತಿದ್ದುದು ಪಟ್ಟೆದಂಚಿನ ಸೀರೆ. ಒಳಮೈ ಹೊರಮೈ ಎಂಬ ಭೇದವಿಲ್ಲದ, ಎರಡೂ ಬದಿಗೆ ಉಡಬಹುದಾದ ಬಟ್ಟೆ ಅದು. ಬೇರೆ ಬಟ್ಟೆಯಲ್ಲಿ ಹರಿದ ಎಳೆಯ ಗಂಟನ್ನು ಒಳಮೈಗೆ ತಳ್ಳಿ ಮರೆಮಾಡಬಹುದು. ಇದರಲ್ಲಿ ಮರೆಮಾಡಲು ಸ್ಥಳವೇ ಇಲ್ಲ. ಆಕೆಯ ಸೀರೆಯನ್ನು ಕಣ್ಣುಮುಚ್ಚಿ ಸೆರಗಿನಿಂದ ಸೆರಗಿಗೆ ಸವರಿದರೂ ಬೆರಳು ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಯುಗಾದಿಯ ಬೆನ್ನಿಗೇ ಲಗ್ನದ ದಿನಗಳು. ರಾಜೂರ, ಲಕ್ಕಲಕಟ್ಟಿ, ಅಬ್ಬಿಗೇರಿಗಳ ಹೆಣ್ಣಿನ ತಾಯಂದಿರು ನೂಲಿನ ಸಾಹೇಬರ ಅಂಗಡಿಗೆ ಬಂದು, "ಮಗ್ಗದವ್ವನ ಕೈಯಾಗಿಂದೇ ಆಗಬೇಕ್ರಿ" ಎಂದು ಕೇಳುತ್ತಿದ್ದರು. ಸಾಹೇಬರೆಂದರೆ ನಮ್ಮ ಭಾಗದ ನೇಕಾರರಿಗೆ ನೂಲು ಕೊಟ್ಟು ಸೀರೆ ಒಯ್ಯುತ್ತಿದ್ದ ವ್ಯಾಪಾರಸ್ಥರು. ಬಟ್ಟೆಯ ವಿಷಯದಲ್ಲಿ ಯಾರ ಮುಲಾಜಿಗೂ ಒಳಗಾಗದ ಮನುಷ್ಯ.

ವಸಂತವನ್ನು ನಾನು ಗ್ರಂಥಗಳಿಂದ ಬಲ್ಲವನು. ಮಾವಿನ ಚಿಗುರು, ಕೋಗಿಲೆ, ದಕ್ಷಿಣದಿಂದ ಬರುವ ಮಂದಾನಿಲ. ನಮ್ಮ ಎರೆಯ ಸೀಮೆಯಲ್ಲಿ ವಸಂತ ಬರುವ ಬಗೆಯೇ ಬೇರೆ. ಕಡಲೆ ಕಿತ್ತ ಹೊಲ ಬಾಯಿ ಬಿಡುತ್ತದೆ. ಬೇವು ಎಲೆಯುದುರಿಸಿ, ವಾರದೊಳಗೆ ಕೆಂಪು ಚಿಗುರು ತಳೆದು ನಿಲ್ಲುತ್ತದೆ. ಗುಡ್ಡದ ಮೇಲೆ ಮುತ್ತುಗ ಹೂವಾಗುತ್ತದೆ. ನಡುಹಗಲು ಸುಳಿಗಾಳಿಯೆದ್ದು ಹತ್ತಿಯ ಎಳೆಗಳನ್ನೂ ಜೋಳದ ಒಣಗರಿಯ ರವದಿಯನ್ನೂ ಓಣಿಯುದ್ದಕ್ಕೂ ಆಡಿಸುತ್ತದೆ. ಇವೆಲ್ಲಕ್ಕಿಂತ ನಾಲ್ಕು ದಿನ ಮೊದಲೇ ಮಗ್ಗದವ್ವ ಕಟ್ಟೆಯ ಮೇಲೆ ನಿಂತು ನನಗೆ ಹೇಳುತ್ತಿದ್ದಳು:

"ಆಚಾರ್ರ, ಗಾಳಿ ತಿರಿಗೇತ್ರಿ."

"ಹೌದೇನವಾ? ಪಂಚಾಂಗದಾಗ ವಸಂತಕ್ಕ ಇನ್ನೂ ಭಾಳ ದಿನ ಅದಲ್ಲ."

"ಪಂಚಾಂಗ ನಿಮ್ಮ ಗ್ವಾಡಿ ಮಾಡದಾಗ ಬೆಚ್ಚಗ ಕುಂತಿರತೈತ್ರಿ. ಎಳಿ ಗಾಳ್ಯಾಗ ಇರತೈತಿ. ಅದಕ್ಕ ಮೊದಲ ಗೊತ್ತಾಗತೈತಿ." ಹೀಗೆಂದು ನಕ್ಕು ಮುಂದುವರಿಸುತ್ತಿದ್ದಳು: "ಇನ್ನ ಹೊತ್ತೇರಿದ ಮ್ಯಾಲ ಎಳಿ ಮಾತ ಕೇಳೂದಿಲ್ರಿ. ಸಿಟ್ಟಿಗೆದ್ದ ಸೊಸಿ ಆದಂಗ ಆಗತೈತಿ. ಮುಟ್ಟೂದ ತಡ, ಹರಕೊಂಡ ಹೋಗತೈತಿ."

ಒಳಗಿನಿಂದ ಸೊಸೆಯ ದನಿ ಬರುತ್ತಿತ್ತು: "ಅತ್ತಿ ಸಿಟ್ಟಿಗೆದ್ರ ಏನಾಗತೈತಿ, ಅದನ್ನೂ ಹೇಳ್ರಿ ಆಚಾರ್ರಿಗೆ!"

ನಾನು ನಗುತ್ತಿದ್ದೆ. ಸಿಟ್ಟಿಗೆದ್ದ ಸೊಸೆಯಂತೆ ಎಳೆ! ಎಂಥ ಉಪಮೆ ಎಂದು ಮೆಚ್ಚಿ ಪ್ರವಚನದ ಟಿಪ್ಪಣಿಯಲ್ಲಿ ಬರೆದಿಟ್ಟುಕೊಂಡೆ. ಆಕೆ ನನಗೆ ಒಂದು ಸಂಗತಿಯನ್ನು ತಿಳಿಸುತ್ತಿದ್ದಳು. ನನ್ನ ಕಿವಿಗೆ ಅಲಂಕಾರ ಮಾತ್ರ ಕೇಳಿಸಿತು. ಇಷ್ಟು ಕಾಲ ಕಾವ್ಯ ಕಲಿಸಿದವನಿಗೆ ಇದಕ್ಕಿಂತ ದೊಡ್ಡ ನಾಚಿಕೆ ಬೇರಿಲ್ಲ.

ಗಜೇಂದ್ರಗಡಕ್ಕೆ ಬಂದ ಮೊದಲ ವರ್ಷ ನಾನು ಯುಗಾದಿಯ ಪಾಡ್ಯದಿಂದ ರಾಮನವಮಿಯವರೆಗೆ ಪಾರಾಯಣದ ಸಂಕಲ್ಪ ಮಾಡಿದೆ. ಬ್ರಾಹ್ಮೀ ಮುಹೂರ್ತದಲ್ಲಿ ಆರಂಭಿಸಿದರೆ ಮುಗಿಯುವಾಗ ಹತ್ತು ಗಂಟೆ. ಗೋಡೆಯಾಚೆಗೆ ಅದೇ ಹೊತ್ತಿಗೆ ಲಾಳಿಯ ಓಡಾಟ, ಮಗ್ಗದ ಬಡಿತ. ಪಾಡ್ಯದ ಹಿಂದಿನ ದಿನ ಹೋಗಿ ಆಕೆಯ ಬಾಗಿಲಲ್ಲಿ ನಿಂತೆ. ಒಳಗೆ ಕಾಲಿಡಲಿಲ್ಲ.

"ನೋಡವಾ, ನಾಳೆಯಿಂದ ನನ್ನ ಪಾರಾಯಣ ಅದ. ನಿನ್ನ ಮಗ್ಗದ ಸಪ್ಪಳಕ್ಕ ಚಿತ್ತ ನಿಲ್ಲೂದಿಲ್ಲ. ಹತ್ತು ಗಂಟೀತನಕ ಮಗ್ಗ ನಿಲ್ಲಿಸಬೇಕು. ಆಮ್ಯಾಲೆ ಎಷ್ಟು ಬೇಕಾದ್ರೂ ನೇಯಿ."

ಆಕೆ ಒಮ್ಮೆ ಮಗ್ಗದ ಕಡೆಗೆ, ಒಮ್ಮೆ ನನ್ನ ಕಡೆಗೆ ನೋಡಿದಳು. "ದೇವ್ರಿಗೆ ಮುಂಜಾನಿನ ಹೊತ್ತೇ ಬೇಕೇನ್ರಿ?"

"ಮುಂಜಾನಿ ಹೊತ್ತೇ ಶ್ರೇಷ್ಠ."

"ಆತ್ರಿ ಹಂಗಾರ. ದೇವ್ರ ಕೇಳ್ಯಾನಂದ ಮ್ಯಾಲ ನಾ ಏನನ್ನಲಿ?"

ದೇವರು ಕೇಳಿರಲಿಲ್ಲ. ಕೇಳಿದವನು ನಾನು.

ಮಾತಿನಂತೆ ಒಂಬತ್ತು ದಿನವೂ ಹತ್ತು ಗಂಟೆಯವರೆಗೆ ಮಗ್ಗ ಮಾತಾಡಲಿಲ್ಲ. ಆಕೆ ಗೋಡೆಗೆ ಬೆನ್ನು ಕೊಟ್ಟು ಕೂತು ಪಾರಾಯಣ ಕೇಳುತ್ತಿದ್ದಳೆಂದು ಸೊಸೆಯಿಂದ ತಿಳಿಯಿತು. ನನಗೆ ಹಿಗ್ಗೋ ಹಿಗ್ಗು. ನವಮಿಯ ದಿನ ಗುಡಿಯಲ್ಲಿ ಮಂಗಲದ ಪ್ರವಚನ ಮಾಡುವಾಗ, "ನಮ್ಮ ಓಣಿಯ ಮಗ್ಗವೂ ರಾಮನಾಮಕ್ಕೆ ಕೈಮುಗಿದು ನಿಂತಿತು" ಎಂದೆ. ಸಿಟ್ಟಿಗೆದ್ದ ಸೊಸೆಯ ಉಪಮೆಯನ್ನೂ ಸೇರಿಸಿದೆ. ಸಭೆ ತಲೆದೂಗಿತು. ಹಿಂದೆ ಹೆಂಗಸರ ನಡುವೆ ಕುಳಿತ ಮಗ್ಗದವ್ವ ತಲೆಯ ಮೇಲೆ ಸೆರಗೆಳೆದುಕೊಂಡಳು. ಮೂರನೆಯ ವರ್ಷ ನನ್ನ ಉತ್ಸಾಹ ಇನ್ನೂ ಹೆಚ್ಚಿ, ಹೋಳಿ ಹುಣ್ಣಿಮೆಯ ಮರುದಿನದಿಂದಲೇ ಪಾರಾಯಣ ಹಿಡಿದೆ. ಒಂಬತ್ತು ದಿನಗಳಿದ್ದುದು ಇಪ್ಪತ್ತನಾಲ್ಕಾಯಿತು. ಆಕೆಯನ್ನು ಮತ್ತೆ ಕೇಳಲೂ ಇಲ್ಲ. ಸೊಸೆಯ ಕೈಯಲ್ಲಿ ಹೇಳಿ ಕಳಿಸಿದೆ.

ನಾಲ್ಕನೆಯ ವರ್ಷ ನವಮಿ ಮುಗಿದ ಒಂದೆರಡು ದಿನಗಳಲ್ಲಿ ನೂಲಿನ ಸಾಹೇಬರು ಓಣಿಗೆ ಬಂದರು. ಮಗ್ಗದವ್ವನ ಕಟ್ಟೆಯ ಮೇಲೆ ಸೀರೆ ಬಿಚ್ಚಿ ಬೆರಳಾಡಿಸಿದರು. ಬೆರಳು ನಿಂತಿತು. ಮತ್ತೆ ಆಡಿತು, ಮತ್ತೆ ನಿಂತಿತು. ನಾನು ನನ್ನ ಪಡಸಾಲೆಯಲ್ಲಿ ಕುಳಿತು ನೋಡುತ್ತಿದ್ದೆ. ಓಣಿಯ ಆರೇಳು ಜನ ಕೂಡಿದ್ದರು.

"ಅವ್ವಾ, ಇದೇನಿದು? ಸೀರಿನೋ, ಗಂಟಿನ ಸಂತಿನೋ?"

ಸಾಹೇಬರು ಸೀರೆಯ ಇನ್ನೊಂದು ಮಡಿಕೆ ಬಿಚ್ಚಿದರು.

"ಹ್ವಾದ ವರ್ಷನೂ ಹಿಂಗ. ಅದರ ಹಿಂದಿನ ವರ್ಷನೂ ಹಿಂಗ. ದೀಪಾವಳಿಗೆ ಕೊಟ್ಟ ಸೀರಿ ಬೆಣ್ಣಿಯಂಗ ಇತ್ತಲ್ಲ! ಚೈತ್ರ ಬಂತಂದ್ರ ಅಷ್ಟ ವಯಸ್ಸಾಗತೈತೇನ್ ನಿನಗ?"

ಕೂಡಿದವರು ನಕ್ಕರು. ಆಕೆ ತಲೆ ತಗ್ಗಿಸಿ, "ಕಣ್ಣ ಮಂಜಾಗ್ಯಾವ್ರಿ ಸಾಹೇಬ್ರ," ಎಂದಳು. ನನ್ನ ಪಡಸಾಲೆಯ ಕಡೆಗೆ ಒಂದು ಸಲವೂ ತಿರುಗಿ ನೋಡಲಿಲ್ಲ.

"ಮಂಜಾಗಿದ್ರ ಮಾಮೂಲಿ ಸೀರಿ ನೇಯಿ. ಲಗ್ನದ ಸೀರಿ ಇನ್ನ ನಿನಗ ಬ್ಯಾಡ. ಬೀಗರ ಮುಂದ ನನ್ನ ಮರ್ಯಾದಿ ಹೋಗತೈತಿ."

ಲಗ್ನದ ಸೀರೆ ಆಕೆಯ ಕೈಬಿಟ್ಟದ್ದು ಹೀಗೆ. ಸಾಹೇಬರು ಹೋದ ಮೇಲೆ ನಾನು ಇಳಿದು ಹೋಗಿ ಸಮಾಧಾನ ಹೇಳಿದೆ. ಸಮಾಧಾನವೆನ್ನುವುದಕ್ಕಿಂತ ಉಪದೇಶ. "ವಯಸ್ಸಾತವಾ. ಕೈಯ ಮೋಹ ಬಿಡು. ಇನ್ನ ನಾಮಸ್ಮರಣೆ ಹಿಡಿ," ಎಂದೆ. ಆಕೆ ನನಗೆ ಕೈಮುಗಿದಳು.

ಮರುವರ್ಷ ಯುಗಾದಿ ಕಳೆದು ಎರಡನೆಯ ದಿನ. ನಡುಹಗಲು ಮಂಗಲಕ್ಕೆ ಕರೆಯಲೆಂದು ಅಕ್ಷತೆ ಹಿಡಿದು ಆಕೆಯ ಮನೆಗೆ ಹೋದೆ. ಅಂದು ಹೊರಗಿನ ಬಿಸಿಲು ತಾಳದೆ ಮೊದಲ ಸಲ ಒಳಗೆ ಕಾಲಿಟ್ಟೆ. ಕಿಟಕಿಗೆ ತೊಯ್ದ ಗೋಣಿತಟ್ಟು ಕಟ್ಟಿದ್ದರು. ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳ ಕೆಳಗೆ ನೆಲಕ್ಕೆ ನೀರು ಹೊಯ್ದಿದ್ದರು. ಆಕೆ ಲಾಳಿ ಎಸೆದಳು; ಟಕ್ಕೆಂದು ಒಂದು ಎಳೆ ಹರಿಯಿತು. ಬೆರಳಿಗೆ ನೀರು ಹಚ್ಚಿ, ಹುಡುಕಿ, ಗಂಟು ಹಾಕಿ ಮತ್ತೆ ಎಸೆದಳು. ನಾಲ್ಕು ಸಲ ಎಸೆಯುವಷ್ಟರಲ್ಲಿ ಮತ್ತೆರಡು ಎಳೆ ಹರಿದವು. ನೇಯುವುದಕ್ಕಿಂತ ಗಂಟು ಹಾಕುವುದೇ ಹೆಚ್ಚಾಗಿತ್ತು. ಅದು ಮಾಮೂಲಿ ಸೀರೆ.

"ಯಾಕವಾ ಹಿಂಗ ಹರೀಲಿಕ್ಕೆ ಹತ್ತದ?" ಎಂದು ಕೇಳಿದೆ.

ಅತ್ತೆ ಬಾಯಿ ತೆರೆಯುವ ಮೊದಲೇ ಸೊಸೆ ಎದ್ದು ನಿಂತಳು. "ಖರೇನ ಗೊತ್ತಿಲ್ಲೇನ್ರಿ ಆಚಾರ್ರ? ಹೋಳಿ ಹುಣ್ಣಿವಿ ಆತಂದ್ರ ಒಣಗಾಳಿ. ಎಳಿಗೆ ಹಸಿ ಇರೂದ ನಸುಕಿನಾಗ. ಹತ್ತ ಹೊಡೀತಂದ್ರ ಹಾಸೆಲ್ಲ ಒಣಗಿ ಕಡ್ಡಿ ಆಗತೈತಿ. ಈ ದಿನದಾಗ ಎಲ್ಲಾ ಮಗ್ಗದವರೂ ನಸುಕಿನಾಗ ನೇಯ್ದು ಹೊತ್ತೇರಿದ ಮ್ಯಾಲ ಕೈ ಬಿಡತಾರ. ನಮ್ಮತ್ತಿ ಒಬ್ಬಾಕಿ ಉಲ್ಟಾ. ಯಾಕಂದ್ರ ನೀವು..."

"ಬಾಯಿ ಮುಚ್ಚ!" ಮಗ್ಗದವ್ವ ಗದರಿದಳು. "ದೇವ್ರ ಕೆಲಸದಾಗ ಲೆಕ್ಕ ಹಚ್ಚತೀಯೇನ?"

ನನ್ನ ಕೈಯಲ್ಲಿ ಅಕ್ಷತೆ ಬೆವರಿಗೆ ಅಂಟಿಕೊಂಡಿತ್ತು. ವರ್ಷವರ್ಷವೂ ಕಟ್ಟೆಯ ಮೇಲೆ ನಿಂತು ಆಕೆ ಹೇಳಿದ್ದು ಇದನ್ನೇ.

"ನಾಳೆಯಿಂದ ನಸುಕಿನಾಗ ನೇಯಿ," ಎಂದೆ. "ನಾ ಮಧ್ಯಾಹ್ನ ಓದತೀನಿ."

"ಬ್ಯಾಡ್ರಿ. ಒಮ್ಮೆ ಕೊಟ್ಟಿದ್ದನ್ನ ದೇವ್ರ ಕಡಿಂದ ಹೊಳ್ಳಿ ಇಸ್ಕೊಳ್ಳೂದು ಹ್ಯಾಂಗ? ಇನ್ನ ಆರ ದಿನ. ಮುಗೀಲಿ." ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಆಕೆ ನನ್ನಿಂದ ಏನನ್ನಾದರೂ ಕೇಳಿದಳು: "ಆದ್ರ ಒಂದು ಉಪಕಾರ ಮಾಡ್ರಿ. ಸಾಹೇಬ್ರಿಗೆ ಒಂದ ಮಾತ ಹೇಳ್ರಿ. ನಾ ಹೇಳಿದ್ರ ನೆವ ಅಂತಾರ. ನೀವ ಹೇಳಿದ್ರ ನಂಬತಾರ. ನನ್ನ ಕೈ ಕೆಟ್ಟಿಲ್ಲ ಅಂತ ಅಷ್ಟ ಹೇಳ್ರಿ, ಸಾಕು."

"ನವಮಿ ಆಗಲಿ, ಹೇಳತೀನಿ," ಎಂದು ಮಾತು ಕೊಟ್ಟೆ.

ನವಮಿ ಆಯಿತು. ನಾನು ಹೇಳಲಿಲ್ಲ. ಸಾಹೇಬರಿಗೆ ಹೇಳಿದರೆ ಪೇಟೆಗೆಲ್ಲ ತಿಳಿಯುತ್ತದೆ. ಮಗ್ಗ ಕೈಮುಗಿದು ನಿಂತಿತೆಂದು ಗುಡಿಯಲ್ಲಿ ಹೇಳಿದವನ ಗತಿ ಏನು? ಈ ಅಂಜಿಕೆಗೆ ನಾನು ಬೇರೆ ಬೇರೆ ಹೆಸರಿಟ್ಟುಕೊಂಡೆ. ಬಿಸಿಲು ಇಳಿಯಲಿ, ಸಾಹೇಬರಿಗೆ ಬಿಡುವಾಗಲಿ, ತಕ್ಕ ಸಂದರ್ಭ ಬರಲಿ. ಕಟ್ಟೆಯ ಮುಂದೆ ಹಾದುಹೋಗುವಾಗಲೆಲ್ಲ ಆಕೆ ಕತ್ತೆತ್ತಿ ನೋಡುತ್ತಿದ್ದಳು. ಒಮ್ಮೆ ಮಾತ್ರ ಕೇಳಿದಳು.

"ಸಾಹೇಬ್ರು ಸಿಕ್ಕಿದ್ರೇನ್ರಿ ಆಚಾರ್ರ?"

"ಇಲ್ಲವಾ. ಊರಾಗಿಲ್ಲಂತ."

ಅದೇ ದಿನ ಮುಂಜಾನೆ ಸಾಹೇಬರು ತಮ್ಮ ಅಂಗಡಿಯ ಮುಂದೆ ನಿಂತು ನನಗೆ ನಮಸ್ಕಾರ ಹೇಳಿದ್ದರು. ನಾನು ಮೂರು ಹೊತ್ತು ಸಂಧ್ಯಾವಂದನೆ ಮಾಡುವವನು. ಸತ್ಯವನ್ನೇ ಧರ್ಮವೆಂದು ಬೋಧಿಸಿದವನು. ಆ ನಾಲಿಗೆಯಿಂದಲೇ ಈ ಮಾತು ಎಷ್ಟು ಸರಾಗವಾಗಿ ಬಂದಿತೆಂಬುದನ್ನು ನೆನೆದರೆ ಈಗಲೂ ಜಪಮಾಲೆ ಕೈಯಲ್ಲಿ ನಿಂತುಬಿಡುತ್ತದೆ. "ಬರಲಿ ಬಿಡ್ರಿ, ಎಲ್ಲಿ ಹೋಗತಾರ," ಎಂದು ಆಕೆ ನನ್ನನ್ನೇ ಸಂತೈಸಿದಳು.

ಆ ವರ್ಷದ ಕಾರ್ತಿಕದಲ್ಲಿ ನಾಲ್ಕು ದಿನದ ಜ್ವರದಲ್ಲಿ ಆಕೆ ತೀರಿಕೊಂಡಳು. ಹೆಣದ ಮುಂದೆ ಕುಳಿತ ಹೆಂಗಸರು ಆಕೆಯ ಗುಣಗಳನ್ನೆಲ್ಲ ಹಾಡಿ ಅತ್ತರು. ಒಬ್ಬಳು, "ಎಂಥಾ ಕೈ ಇತ್ತ, ಕಡೀಕ ಕೆಟ್ಟುಹೋತಲ್ಲೇ ಯವ್ವಾ," ಎಂದಳು. ಸೊಸೆ ನನ್ನ ಮುಖ ನೋಡಿದಳು. ಅಲ್ಲಿಯೂ ನಾನು ಬಾಯಿ ತೆರೆಯಲಿಲ್ಲ.

ಹದಿಮೂರು ದಿನ ಕಳೆದ ಮೇಲೆ ಸಾಹೇಬರ ಅಂಗಡಿಗೆ ಹೋದೆ. ಗಿರಾಕಿಗಳಿಲ್ಲದ ಹೊತ್ತು ನೋಡಿಕೊಂಡೇ ಹೋದೆ. ಎಲ್ಲವನ್ನೂ ಹೇಳಿದೆ. ಅವರು ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟರು.

"ನಾ ಓಣ್ಯಾಗ ನಿಂತು ಆಕಿಗೆ ಅಂದಿದ್ದೆ, ಆಚಾರ್ರ. ಹತ್ತ ಮಂದಿ ಮುಂದ," ಎಂದರು. "ನೀವು ಅಂಗಡ್ಯಾಗ ಬಂದು ನನ್ನ ಕಿವ್ಯಾಗ ಹೇಳಾಕ ಹತ್ತೀರಿ. ಇದರಿಂದ ಆಕಿಗೇನ ಬಂತ್ರಿ?"

ಅವರ ಮಾತು ನ್ಯಾಯವಾಗಿತ್ತು. ಮುಂದಿನ ನವಮಿಯ ಮಂಗಲದಲ್ಲಿ ಗುಡಿ ತುಂಬಿದ ಜನದೆದುರು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಆದರೆ ಮೂವತ್ತು ವರ್ಷ ಸಭೆಗಳನ್ನು ಒಲಿಸಿಕೊಂಡ ದನಿ ನನ್ನದು, ತಪ್ಪೊಪ್ಪಿಗೆಯೂ ಪ್ರವಚನವಾಗಿಬಿಟ್ಟಿತು. "ಆಚಾರ್ರ ದೊಡ್ಡಸ್ತನ ನೋಡ್ರಿ, ತಾವ ತಗ್ಗಿ ಆ ಮುದುಕಿನ್ನ ಎತ್ತಿ ಹೇಳಿದ್ರು," ಎಂದು ಜನ ಕೊಂಡಾಡಿದರು. ಗುಡಿಯ ಹಿರಿಯರು ಎದ್ದು ಬಂದು ಶಾಲು ಹೊದಿಸಿದರು. ಸೊಸೆ ಹಿಂದಿನ ಸಾಲಿನಿಂದ ಎದ್ದು ಪ್ರಸಾದ ತೆಗೆದುಕೊಳ್ಳದೆ ಮನೆಗೆ ಹೋದಳು. ಆ ಶಾಲನ್ನು ಹೆಗಲಿನಿಂದ ತೆಗೆದಿಡುವಷ್ಟು ಧೈರ್ಯವೂ ನನಗೆ ಅಂದು ಬರಲಿಲ್ಲ.

ಕಾಗದದ ಮೇಲೆ ದನಿ ಇಲ್ಲ. ಅದರಿಂದ ಇಲ್ಲಿ ಬರೆಯುತ್ತಿದ್ದೇನೆ. ರಾಜೂರಿನಲ್ಲೋ, ಲಕ್ಕಲಕಟ್ಟಿಯಲ್ಲೋ, ಅಬ್ಬಿಗೇರಿಯಲ್ಲೋ ಆ ನಾಲ್ಕು ವರ್ಷಗಳಲ್ಲಿ ಲಗ್ನವಾದ ತಾಯಂದಿರ ಪೆಟ್ಟಿಗೆಯಲ್ಲಿ ಆ ಸೀರೆಗಳು ಇನ್ನೂ ಇರಬಹುದು. ಎಂದಾದರೂ ಬಿಚ್ಚಿ ಕೈಯಾಡಿಸುವಾಗ ಬೆರಳಿಗೆ ಗಂಟು ತಗುಲಿದರೆ, ನೇಯ್ದವಳ ಕೈ ಕೆಟ್ಟಿತ್ತೆಂದು ದಯವಿಟ್ಟು ಅನ್ನಬೇಡಿರಿ. ಎಳೆಗೆ ಹಸಿಯಿದ್ದ ಹೊತ್ತಿನಲ್ಲಿ ಗೋಡೆಯ ಈಚೆಗೆ ನಾನು ಓದುತ್ತಿದ್ದೆ.