ಕಿರುನಾಲಿಗೆ ಎತ್ತುತ್ತಿದ್ದ ದೊಡ್ಡವ್ವ

ಮೊನ್ನೆ ಕಷಾಯಕ್ಕೆಂದು ಕಾಳುಮೆಣಸು, ಉಪ್ಪು ಕೂಡಿಸಿ ಕುಟ್ಟುತ್ತಿದ್ದೆ. ಘಾಟು ಮೂಗಿಗೇರಿತು. ಸೀನಲ್ಲ, ಕೆಮ್ಮಲ್ಲ... ಬಾಯೊಳಗೆ ಒಂದು ದಪ್ಪ ಹೆಬ್ಬೆರಳು ಬಂದು ಕೂತಂತಾಯಿತು. ಅದು ನಮ್ಮ ಓಣಿಯ ದೊಡ್ಡವ್ವನ ಹೆಬ್ಬೆರಳು.

ಎಪ್ಪತ್ತರ ದಶಕದ ಇಳಕಲ್, ನಮ್ಮದು ಮಗ್ಗದವರ ಓಣಿ. ಪಕ್ಕದ ಮನೆಯ ಆಕೆಯನ್ನು ಅಪ್ಪನಿಂದ ಹಿಡಿದು ನನ್ನವರೆಗೆ ಎಲ್ಲರೂ ದೊಡ್ಡವ್ವ ಎಂದೇ ಕರೆಯುತ್ತಿದ್ದೆವು. ಮಕ್ಕಳಿಗೆ ಒಣಕೆಮ್ಮು ಬಂದರೆ, ನುಂಗಲು ತ್ರಾಸಾದರೆ, ಕಿರುನಾಲಿಗೆ ಬಿದ್ದಿದೆ ಎಂದು ಓಣಿ ತೀರ್ಮಾನಿಸುತ್ತಿತ್ತು. ಬಿದ್ದದ್ದನ್ನು ಎತ್ತುವವಳು ದೊಡ್ಡವ್ವ. ರವಿವಾರ ಬೆಳಿಗ್ಗೆ ಆಕೆಯ ಕಟ್ಟೆಯ ಮುಂದೆ ಸಾಲುಗಟ್ಟುತ್ತಿದ್ದೆವು. ಪೂಜೆ ಮುಗಿಸಿ ಬಂದು, ಹೆಬ್ಬೆರಳನ್ನು ಮೆಣಸು-ಉಪ್ಪಿನ ಪುಡಿಯಲ್ಲಿ ಅದ್ದಿ, ಗಂಟಲ ಬಾಯಲ್ಲಿ ಜೋತುಬಿದ್ದಿರುವ ಆ ಪುಟ್ಟ ಮಾಂಸದ ತುಣುಕನ್ನು ಕೆಳಗಿನಿಂದ ಒತ್ತಿ ಎತ್ತುತ್ತಿದ್ದಳು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಕೊನೆಗೆ ಕೈಯಲ್ಲೊಂದು ಚೂರು ಬೆಲ್ಲ. ಸಾಲಿನ ಕೊನೆಯ ಮಗು ಮುಗಿಯುವ ತನಕ ಬೆರಳಿಗೆ ನೀರು ತಾಗಬಾರದು, ತಾಗಿದರೆ ಕೈಗುಣ ತೊಳೆದುಹೋಗುತ್ತದೆ ಎಂಬುದು ಆಕೆಯ ನೇಮ. ಒಂದು ಬಾಯಿಂದ ಇನ್ನೊಂದು ಬಾಯಿಗೆ ಹೋಗುವಾಗ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು, ಅಷ್ಟೇ. ಅದರಲ್ಲಿ ತಪ್ಪೇನಾದರೂ ಇದೆಯೆಂದು ಯಾರಿಗೂ ಅನ್ನಿಸಿರಲಿಲ್ಲ.

ಆ ರವಿವಾರ ನನಗೆ ಸಣ್ಣ ಜ್ವರ, ಗಂಟಲು ನೋವು. ನನ್ನ ಬಾಯೊಳಗೆ ನೋಡಿದ ದೊಡ್ಡವ್ವ ತಡೆದಳು.

"ಇದೇನ ಇದು, ಹಾಲಿನ ಮ್ಯಾಲ ಕೆನಿ ಕಟ್ಟಿದಂಗ ಐತಲ್ಲ?"

"ಕಫಾ ಇರಬೇಕ್ರಿ," ಎಂದಳು ಅವ್ವ.

ಬೆರಳು ಒಳಗೆ ಹೋಯಿತು. ಹೊರಬಂದಾಗ ಅದರ ತುದಿಗೆ ರಕ್ತವಿತ್ತು. ಆಕೆ ಅದನ್ನೇ ಒಂದು ಕ್ಷಣ ನೋಡಿ ಸೆರಗಿಗೆ ಒರೆಸಿದಳು. ನನ್ನ ಹಿಂದೆ, ಸಾಲಿನ ಕೊನೆಗೆ ನಿಂತವಳು ಆಕೆಯದೇ ಮೊಮ್ಮಗಳು, ನನ್ನ ಓರಗೆಯವಳು. ಕೆಮ್ಮಿಲ್ಲ, ಜ್ವರವಿಲ್ಲ, ಬೆಲ್ಲದ ಆಸೆಗೆ ವಾರವಾರ ಸಾಲಿಗೆ ಬರುವ ಕಳ್ಳಿ. ಅಜ್ಜಿ ನಕ್ಕು ಅವಳ ಬಾಯೊಳಗೂ ಬೆರಳಿಟ್ಟಳು...

ಎರಡು ದಿನದಲ್ಲಿ ನನ್ನ ಕುತ್ತಿಗೆ ಎತ್ತಿನ ಕುತ್ತಿಗೆಯಂತೆ ಬಾತುಕೊಂಡಿತು. ಅಪ್ಪ, ಅವ್ವ ಬಾಗಲಕೋಟೆಗೆ ಹೊತ್ತೊಯ್ದರು. ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ಡಿಫ್ತೀರಿಯಾ, ಅಂದರೆ ಗಂಟಲಮಾರಿ ಎಂದರು. ಸೂಜಿ ಚುಚ್ಚಿದ ಮೇಲೆ ಅವ್ವನ ಕಡೆ ತಿರುಗಿದರು.

"ಈ ಗಂಟಲದಾಗ ಯಾರರ ಕೈ ಹಾಕ್ಯಾರೇನು?"

ಅವ್ವ ಹೂಂ ಎಂದಳು.

"ಆ ಕೈ ಆಮ್ಯಾಲ ಯಾರ ಬಾಯಾಗ ಹೋತು?"

ನನ್ನ ಕೈ ಹಿಡಿದಿದ್ದ ಅವ್ವನ ಕೈ ತಣ್ಣಗಾಯಿತು. ಇಂದಿಗೂ ಆ ತಣ್ಣನೆಯ ಸ್ಪರ್ಶ ನನ್ನ ಅಂಗೈಯಲ್ಲಿದೆ.

ಅಪ್ಪ ಆಗಲೇ ಇಳಕಲ್ಲಿನ ಬಸ್ಸು ಹಿಡಿದ. ಅವನು ಊರು ಮುಟ್ಟಿದಾಗ ಮೊಮ್ಮಗಳ ಮೈ ಬೆಚ್ಚಗಿತ್ತು, ಆದರೂ ಕೂತು ರಾಟಿಯಲ್ಲಿ ನೂಲು ಸುತ್ತುತ್ತಿದ್ದಳಂತೆ. ದವಾಖಾನೆಗೆ ಕರೆದೊಯ್ಯೋಣ ಬಾ ಎಂದು ಅಪ್ಪ ಕೈಮುಗಿದರೆ ದೊಡ್ಡವ್ವ ಕೆರಳಿದಳು.

"ನನ್ನ ಕೈಯಾಗ ಮಾರಿ ಐತಿ ಅಂತೀಯೇನು? ನಿನ್ನ ಕಿರನಾಲಗಿ ಎತ್ತಿದ್ದೂ ಇದ ಕೈ ಅಲ್ಲೇನೋ?"

ಎತ್ತಿದ ಕೈಗೆ ಎದುರಾಡುವ ಗುಂಡಿಗೆ ಅಪ್ಪನಿಗಿರಲಿಲ್ಲ. ಅಂದು ಸಂಜೆ ಆಕೆ ಮೊಮ್ಮಗಳ ಕಿರುನಾಲಿಗೆಯನ್ನು ಮತ್ತೊಮ್ಮೆ ಎತ್ತಿದಳು. ಮರುದಿನ ಹುಡುಗಿಯ ಉಸಿರು ಸಿಳ್ಳೆ ಹಾಕತೊಡಗಿದಾಗ ಬಸ್ಸು ಹತ್ತಿದರು. ಬಸ್ಸು ಹುನಗುಂದ ಮುಟ್ಟುವುದರೊಳಗೆ ಅವಳ ಉಸಿರು ನಿಂತಿತ್ತು.

ನಾನು ಉಳಿದೆ. ಆದರೆ ಮನೆಗೆ ಬಂದು ಕೆಲವು ವಾರಕ್ಕೆ, ಕುಡಿದ ಹಾಲು ಮೂಗಿನಿಂದ ಇಳಿಯತೊಡಗಿತು. ಮಾತೆಲ್ಲ ಮೂಗಿನಲ್ಲಿ. ಡಾಕ್ಟರು ಮತ್ತೆ ಬಾಯಿ ತೆರೆಸಿ 'ಆ' ಅನ್ನಿಸಿದರು. ಕಿರುನಾಲಿಗೆಯೊಳಗೆ ಎಳೆಯಂಥ ಒಂದು ಸ್ನಾಯು ಇದೆಯಂತೆ. ನುಂಗುವಾಗ ಅದು ಕುಗ್ಗಿ, ಮೆತ್ತನೆಯ ಅಂಗುಳಿನ ಜೊತೆ ಮೇಲೆದ್ದು, ಮೂಗಿಗೆ ಹೋಗುವ ಬಾಗಿಲು ಮುಚ್ಚುತ್ತದಂತೆ. ರೋಗದ ವಿಷ ಅದರ ನರವನ್ನು ಹಿಡಿದದ್ದರಿಂದ ಬಾಗಿಲು ತೆರೆದೇ ಬಿದ್ದಿದೆ. ತಿಂಗಳೆರಡು ತಿಂಗಳಲ್ಲಿ ತಾನೇ ಸುಧಾರಿಸುತ್ತದೆ, ಗಟ್ಟಿ ಊಟ ಕೊಡಿ, ಬೆರಳು ಮಾತ್ರ ಹಾಕಬೇಡಿ ಎಂದರು. ಖರೆ ಹೇಳಬೇಕೆಂದರೆ ನನ್ನ ಕಿರುನಾಲಿಗೆ ನಿಜವಾಗಿ ಬಿದ್ದದ್ದು ಆಗಲೇ.

ಅದು ಹೇಗೋ ದೊಡ್ಡವ್ವನ ಕಿವಿಗೆ ಬಿತ್ತು. ಒಂದು ಮಧ್ಯಾಹ್ನ ಗಟ್ಟಿಯಾಗಿ ಕುದಿಸಿದ ಜೋಳದ ನುಚ್ಚು ಹಿಡಿದು ಬಂದು ನನ್ನೆದುರು ಕೂತಳು. ಚಮಚದಿಂದ ತಿನ್ನಿಸಿದಳು. ಇನ್ನೊಂದು ಕೈಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಟ್ಟಿದ್ದಳು. "'ಆ' ಅನ್ನು ತಂಗಿ," ಎಂದು ಇಣುಕಿ ನೋಡಿ ಎದ್ದು ಹೋದಳು. ಹೀಗೇ ದಿನಾಲೂ. ಬೇಡವೆನ್ನಲು ಅವ್ವನಿಗೆ ಬಾಯಿಲ್ಲ. ಆದರೆ ದೊಡ್ಡವ್ವ ಎದ್ದು ಹೋಗುವ ತನಕ ಅವ್ವ ಬಾಗಿಲ ಬಳಿಯಿಂದ ಕದಲುತ್ತಿರಲಿಲ್ಲ. ನನಗಂತೂ ಆ ಮುಷ್ಟಿ ಯಾವಾಗ ಬಿಚ್ಚಿಕೊಳ್ಳುವುದೋ ಎಂಬ ಭಯ. ನುಚ್ಚು ನುಂಗುವುದಕ್ಕಿಂತ ಆ ಭಯ ನುಂಗುವುದೇ ಕಷ್ಟವಾಗಿತ್ತು.

ಒಂದು ದಿನ ಹಾಲು ಮೂಗಿಗೆ ಬರಲಿಲ್ಲ. ದೊಡ್ಡವ್ವ 'ಆ' ಅನ್ನಿಸಿದಳು. ಮತ್ತೊಮ್ಮೆ ಅನ್ನಿಸಿದಳು.

"ತಾನ ಎದ್ದೈತಿ..."

ಆಮೇಲೆ ಮುಷ್ಟಿ ಬಿಚ್ಚಿ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. "ಹಂಗಾರ ನಾ ಇಷ್ಟು ವರ್ಷಾ ಎತ್ತಿದ್ದು ಏನು?"

ದೊಡ್ಡವ್ವ ಬಟ್ಟಲು ತೆಗೆದುಕೊಂಡು ಹೋದಳು. ನಮ್ಮ ಹೊಸ್ತಿಲು ಮತ್ತೆಂದೂ ತುಳಿಯಲಿಲ್ಲ. ರವಿವಾರಗಳಂದು ಆಕೆಯ ಬಾಗಿಲು ಮುಚ್ಚಿರುತ್ತಿತ್ತು. ಎಂಬತ್ತರ ದಶಕದಲ್ಲಿ ಆಕೆ ತೀರಿಕೊಂಡ ಸುದ್ದಿ ಬಂದಾಗ ನಾನು ಲಗ್ನವಾಗಿ ಬಾದಾಮಿಯಲ್ಲಿದ್ದೆ, ಮಣ್ಣಿಗೆ ಹೋಗಲಾಗಲಿಲ್ಲ.

ಈಗ ನನಗೊಬ್ಬಳು ಮೊಮ್ಮಗಳು. ಹೋದ ವಾರ ಅವಳಿಗೆ ಗಂಟಲಮಾರಿಯ ಲಸಿಕೆ ಹಾಕಿಸಿದೆವು. ಸೂಜಿಗೆ ಅವಳು ಕಿರುಚಿ ಅತ್ತಾಗ ಮನೆಯವರೆಲ್ಲ ಮರುಗಿದರು. ನಾನೊಬ್ಬಳೇ ಆ ತೆರೆದ ಬಾಯೊಳಗೆ ನೋಡುತ್ತ ನಿಂತೆ. ಎಳೆಯ ಕಿರುನಾಲಿಗೆ ಅಳುವಿನ ಜೊತೆ ಏಳುತ್ತಿತ್ತು, ಇಳಿಯುತ್ತಿತ್ತು, ಯಾರ ಹಂಗೂ ಇಲ್ಲದೆ. ಓರಗೆಯ ಆ ಗೆಳತಿಯೂ ಇಷ್ಟೊತ್ತಿಗೆ ಯಾರದೋ ಅಜ್ಜಿಯಾಗಿರುತ್ತಿದ್ದಳು.